ಹಳೇ ಮಾರುತಿ 800ರ ಗೇರ್ ಲಿವರ್ ಲೊಡಲೊಡ ಅಲ್ಲಾಡುತ್ತಿದೆ, ಒಳಗೆ ಮುರಿದಿರುವ ಪ್ಲಾಸ್ಟಿಕ್ ತುಂಡಿನ ಹೆಸರೇನು, ಎಲ್ಲಿ ಸಿಗುತ್ತದೆ?

ಅದು ಬಹುತೇಕ ಗೇರ್ ಲಿವರ್ ಬುಷ್. ಲಿವರ್ ಬುಡದಲ್ಲಿ, ಕಾರಿನ ಅಡಿಯಿಂದ ಗೇರ್‌ಬಾಕ್ಸ್‌ಗೆ ಹೋಗುವ ರಾಡ್ ಸೇರುವ ಕಡೆ ಇರುತ್ತದೆ. ಸವೆದರೆ ನ್ಯೂಟ್ರಲ್‌ನಲ್ಲೂ ಲಿವರ್ ತೂಗಾಡುತ್ತದೆ, ರಿವರ್ಸ್ ಹುಡುಕಬೇಕಾಗುತ್ತದೆ. ಇದಕ್ಕೇ ಗೇರ್‌ಬಾಕ್ಸ್ ಬಿಚ್ಚೋಣ ಅನ್ನುವ ಮೆಕ್ಯಾನಿಕ್ ಸಿಕ್ಕರೆ ಸ್ವಲ್ಪ ತಡೆಯಿರಿ.

ಅಂಗಡಿಯಲ್ಲಿ ಬರೀ 'ಬುಷ್ ಕೊಡಿ' ಅಂದರೆ ಯಾವುದೋ ಒಂದನ್ನು ಕೊಡುತ್ತಾರೆ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಹೇಳಿ, ಯಾಕಂದ್ರೆ 1983ರಲ್ಲಿ ಬಂದ ಮೊದಲ 800 ಬೇರೆ, 1986ರ ನಂತರದ ಮಾಡೆಲ್ ಬೇರೆ, ಆಮೇಲೆ ಐದು ಗೇರಿನದೂ ಬಂತು. ಮುರಿದ ಚೂರನ್ನು ಎಸೆಯಬೇಡಿ, ಮಣ್ಣು ಗ್ರೀಸು ಒರೆಸಿ ಜೇಬಲ್ಲಿಟ್ಟುಕೊಂಡೇ ಹೋಗಿ. ಬೆಂಗಳೂರಾದರೆ ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿಗಳಿರುವ ಜೆ.ಸಿ. ರೋಡ್‌ನಲ್ಲಿ ಕೇಳಿ. ಬಿಡಿಯಾಗಿ ಸಿಗದಿದ್ದರೆ ಗೇರ್ ಲಿವರ್ ಕಿಟ್ ಕೇಳಿ ನೋಡಿ.

ಎಲ್ಲೂ ಇಲ್ವಾ? ರಾಡ್‌ನ ದಪ್ಪ, ಬುಷ್ ಕೂರುವ ತೂತಿನ ಅಗಲ, ಉದ್ದ, ಮೂರನ್ನೂ ಸೂಕ್ಷ್ಮವಾಗಿ ಅಳೆಯುವ ಸಾಧನವಾದ ವರ್ನಿಯರ್‌ನಲ್ಲಿ ಅಳೆದು ಲೇತ್ ಅಂಗಡಿಗೆ ಕೊಟ್ಟರೆ ನೈಲಾನ್ ರಾಡ್‌ನಲ್ಲಿ ಕಡೆದು ಕೊಡುತ್ತಾರೆ. ಸವೆದ ಬುಷ್‌ನ ಒಳಗಿನ ಅಳತೆ ಮಾತ್ರ ಕೊಡಬೇಡಿ, ಅದು ಆಗಲೇ ಹಿಗ್ಗಿರುತ್ತೆ ಅಲ್ವಾ.