ಮಗಳ ಫೋನ್ ನಂಬರ್ ಸೇನೆಯವರಿಗೆ ಕೊಟ್ಟವರು ಯಾರು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದ ಕನ್ನಡ ಮನೆಗಳವು. ಅಲ್ಲಿನ ಹೈಸ್ಕೂಲುಗಳಲ್ಲಿ ನಡೆಯುವ ಸೇನಾ ಭರ್ತಿಯ ಬಗ್ಗೆ ಕೇಳಿದ್ದಾರೆ. ಊರಿನಿಂದಲೂ ಒಂದು ಪತ್ರ ಬಂದಿದೆ.

ಪ್ರಶ್ನೆ: ಮಗಳು ಹನ್ನೊಂದನೇ ಕ್ಲಾಸು. ಒಂದು ತಿಂಗಳಿಂದ ಸೇನೆಯ ರಿಕ್ರೂಟರ್ ಒಬ್ಬರು ನೇರ ಅವಳ ಮೊಬೈಲಿಗೇ ಮೆಸೇಜು ಹಾಕುತ್ತಿದ್ದಾರೆ. ನಾವು ಯಾರಿಗೂ ನಂಬರ್ ಕೊಟ್ಟಿಲ್ಲ. ಎಲ್ಲಿ ಸಿಕ್ಕಿತು? ನಿಲ್ಲಿಸುವುದು ಹೇಗೆ?
— ಒಬ್ಬ ತಾಯಿ, ಪ್ಲೇನೋ

ಉತ್ತರ: ಬಹುಮಟ್ಟಿಗೆ ಶಾಲೆಯಿಂದಲೇ. ಕೇಂದ್ರದ ಅನುದಾನ ಪಡೆಯುವ ಹೈಸ್ಕೂಲು, ರಿಕ್ರೂಟರ್ ಕೇಳಿದರೆ ಮಕ್ಕಳ ಹೆಸರು, ವಿಳಾಸ, ಫೋನ್ ನಂಬರ್ ಕೊಡಲೇಬೇಕು. 2002ರ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆ ತಂದ ನಿಯಮ ಇದು. 2015ರ ಹೊಸ ಶಿಕ್ಷಣ ಕಾಯ್ದೆಯಲ್ಲಿ 8528ನೇ ಸೆಕ್ಷನ್ ಆಗಿ ಹಾಗೇ ಉಳಿದಿದೆ. ಆದರೆ ತಂದೆ ಅಥವಾ ತಾಯಿ ‘ನಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಕೊಡಬೇಡಿ’ ಎಂದು ಬರೆದುಕೊಟ್ಟರೆ ಶಾಲೆ ಕೊಡುವಂತಿಲ್ಲ ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಮಗುವಿಗೆ 18 ತುಂಬಿದ್ದರೆ ಅವರೇ ಬರೆದುಕೊಡಬಹುದು.

ಆಗಸ್ಟಿನಲ್ಲಿ ಶಾಲೆ ಶುರುವಾಗುವಾಗ ಬರುವ ಕಾಗದಗಳ ಕಂತೆಯಲ್ಲೇ ಈ ಫಾರ್ಮೂ ಇರುತ್ತದೆ. ಈಗ ಬಹಳ ಕಡೆ ಆನ್‌ಲೈನ್ ಆಗಿರುವುದರಿಂದ ‘ನೆಕ್ಸ್ಟ್, ನೆಕ್ಸ್ಟ್’ ಒತ್ತುವ ಭರದಲ್ಲಿ ಕಣ್ಣಿಗೇ ಬೀಳುವುದಿಲ್ಲ. ಕಣ್ತಪ್ಪಿದ್ದರೆ ವರ್ಷದ ನಡುವೆಯೂ ಕೊಡಬಹುದು. ಫಾರ್ಮೇ ಬೇಕೆಂದಿಲ್ಲ, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಸಾಕು: ಮಗಳ ಹೆಸರು, ತರಗತಿ, 8528ನೇ ಸೆಕ್ಷನ್ನಿನ ಉಲ್ಲೇಖ, ಸಹಿ, ತಾರೀಖು. ಕಾಗದವನ್ನು ಸ್ಕೂಲ್ ಡಿಸ್ಟ್ರಿಕ್ಟ್ ಕಚೇರಿಗೆ ಕಳಿಸಿ, ಪ್ರತಿಯನ್ನು ಕೌನ್ಸೆಲರ್‌ಗೆ ಕೊಡಿ. ಪ್ರತಿ ವರ್ಷ ಹೊಸದಾಗಿ ಕೊಟ್ಟುಬಿಡುವುದು ಕ್ಷೇಮ.

ಹಲವರು ಎಡವುವುದು ಒಂದು ಕಡೆ. ‘ಡೈರೆಕ್ಟರಿ ಮಾಹಿತಿ (ಹೆಸರು, ವಿಳಾಸದಂಥ ಸಾಮಾನ್ಯ ವಿವರ) ಯಾರಿಗೂ ಬೇಡ’ ಎನ್ನುವ ಇನ್ನೊಂದು ಚೌಕವೂ ಅಲ್ಲೇ ಪಕ್ಕದಲ್ಲಿರುತ್ತದೆ. ಅದಕ್ಕೆ ಟಿಕ್ ಹಾಕಿದರೆ ಇಯರ್‌ಬುಕ್, ಆನರ್ ರೋಲ್, ನಾಟಕದ ಕರಪತ್ರ ಎಲ್ಲದರಿಂದಲೂ ಮಗುವಿನ ಹೆಸರು ಹೋಗಬಹುದು. ಸೇನೆಗೆ ಮಾತ್ರ ಬೇಡ ಎನ್ನುವ ಚೌಕ ಬೇರೆ ಇದೆಯೇ ನೋಡಿ. ಇಲ್ಲದಿದ್ದರೆ ಕಾಗದವೇ ಒಳ್ಳೆಯದು.

ಇಷ್ಟಾದ ಮೇಲೂ ಮೆಸೇಜು ಬಂದರೆ ಶಾಲೆಯನ್ನೇ ಬೈಯಬೇಡಿ. ರಕ್ಷಣಾ ಇಲಾಖೆಗೆ ‘ಜೇಮ್ರ್ಸ್’ ಎಂಬ ತನ್ನದೇ ದತ್ತಾಂಶ ಭಂಡಾರ ಇದೆ. ಡ್ರೈವಿಂಗ್ ಲೈಸೆನ್ಸ್ ಕಚೇರಿಗಳಿಂದ, ಪಟ್ಟಿ ಮಾರುವ ಕಂಪನಿಗಳಿಂದ ಹೆಸರುಗಳು ಅಲ್ಲಿಗೆ ಸೇರುತ್ತವೆ. ಅದರಿಂದ ಹೊರಬರಲು ಪ್ರತ್ಯೇಕ ಅರ್ಜಿ ಹಾಕಬೇಕು. ಹದಿನೈದೂವರೆ ವರ್ಷ ಆದವರು ತಾವೇ ಹಾಕಬಹುದು, 18ರವರೆಗೆ ಅವರ ಪರವಾಗಿ ಪೋಷಕರೂ ಹಾಕಬಹುದು. ವಿಳಾಸ ಹಿಡಿದೇ ಹೆಸರು ಜರಡಿ ಹಿಡಿಯುವುದರಿಂದ ಮನೆ ಬದಲಾಯಿಸಿದರೆ ಮತ್ತೆ ಅರ್ಜಿ ಹಾಕಬೇಕು. ಇನ್ನು ಕ್ಯಾಂಟೀನಿನ ಎದುರು ಪುಲ್-ಅಪ್ ಸ್ಪರ್ಧೆ, ಗೆದ್ದವರಿಗೆ ಟೀ-ಶರ್ಟು ಅಂತ ಟೇಬಲ್ ಹಾಕಿರುತ್ತಾರಲ್ಲ, ಅಲ್ಲಿ ತುಂಬಿಸಿಕೊಳ್ಳುವ ಕಾರ್ಡಿನಲ್ಲಿ ಮಗಳೇ ನಂಬರ್ ಬರೆದಿರಬಹುದು. ಗದರದೆ ಕೇಳಿ ನೋಡಿ.

ಪ್ರಶ್ನೆ: ಮಗನ ಶಾಲೆಯಲ್ಲಿ ‘ಆಸ್‌ವ್ಯಾಬ್’ ಅಂತ ಪರೀಕ್ಷೆ. ವೃತ್ತಿ ಮಾರ್ಗದರ್ಶನಕ್ಕೆ, ಉಚಿತ, ಎಲ್ಲರೂ ಬರೆಯಬೇಕು ಎಂದಿದ್ದಾರೆ. ಬರೆಸಬಹುದೇ?
— ನೇಪರ್‌ವಿಲ್

ಉತ್ತರ: ಅದು ಸೇನೆಗೆ ಸೇರಲು ಬರೆಯುವ ಪರೀಕ್ಷೆಯೇ. ಸುಮಾರು ಮೂರು ಗಂಟೆ ಹಿಡಿಯುತ್ತದೆ. ಬರೆಯಲೇಬೇಕು ಎಂದು ಕೇಂದ್ರದ ಯಾವ ಕಾನೂನೂ ಹೇಳುವುದಿಲ್ಲ. ಹನ್ನೊಂದು, ಹನ್ನೆರಡನೇ ಕ್ಲಾಸಿನಲ್ಲಿ ಬರೆದ ಅಂಕ ಎರಡು ವರ್ಷ ಭರ್ತಿಗೆ ನಡೆಯುತ್ತದೆ, ಹತ್ತನೆಯವರದು ನಡೆಯುವುದಿಲ್ಲ.

ಕೌನ್ಸೆಲರನ್ನು ಕೇಳಬೇಕಾದ ಪ್ರಶ್ನೆ ಒಂದೇ: ‘ಯಾವ ರಿಲೀಸ್ ಆಪ್ಷನ್ ಆರಿಸಿದ್ದೀರಿ?’ ಫಲಿತಾಂಶವನ್ನು ರಿಕ್ರೂಟರಿಗೆ ಯಾವಾಗ ಕೊಡಬೇಕು, ಕೊಡಬೇಕೇ ಬೇಡವೇ ಎನ್ನುವುದಕ್ಕೆ ಎಂಟು ಆಯ್ಕೆಗಳಿವೆ. ಎಂಟನೆಯದು ‘ಕೊಡಲೇಬೇಡಿ’ ಎನ್ನುವುದು. ಆರಿಸುವುದು ಶಾಲೆ, ಹುಡುಗನಲ್ಲ, ಪೋಷಕರೂ ಅಲ್ಲ. ಹಿಂದಿನ ಪ್ರಶ್ನೆಗೆ ಹೇಳಿದ 8528ರ ಕಾಗದ ಇಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಈ ಅಂಕಗಳು ಶಾಲೆಯ ದಾಖಲೆಯಲ್ಲ, ಸೇನೆಯವು. ಮೇರಿಲ್ಯಾಂಡ್ 2010ರಲ್ಲಿ ಎಂಟನೇ ಆಯ್ಕೆಯನ್ನೇ ಕಡ್ಡಾಯ ಮಾಡಿ ಕಾನೂನು ತಂದಿತು. ಅದರ ಹಿಂದೆ ಇದ್ದವರು ಬೆರಳೆಣಿಕೆಯ ಪೋಷಕರು, ಶಾಂತಿ ಕಾರ್ಯಕರ್ತರು. ನಿಮ್ಮಲ್ಲಿ ಎಂಟನೆಯದಾದರೆ ಬರೆಯಲಿ, ಅಲ್ಲವಾದರೆ ಆ ದಿನ ಲೈಬ್ರರಿಯಲ್ಲಿ ಕೂರಲು ಒಂದು ಚೀಟಿ ಬರೆದುಕೊಡಿ.

ಪ್ರಶ್ನೆ: ಮಗನಿಗೆ 18. ನಮಗೆ ತಿಳಿಸದೆ ಜನವರಿಯಲ್ಲಿ ಹೋಗಿ ಸಹಿ ಹಾಕಿ ಪ್ರಮಾಣವನ್ನೂ ತೆಗೆದುಕೊಂಡಿದ್ದಾನೆ. ಆಗಸ್ಟಿನಲ್ಲಿ ತರಬೇತಿಗೆ ಹೊರಡಬೇಕು. ಈಗ ಕಾಲೇಜಿಗೆ ಹೋಗುತ್ತೇನೆ ಅನ್ನುತ್ತಾನೆ. ‘ಬರದಿದ್ದರೆ ಅರೆಸ್ಟ್ ಆಗುತ್ತೀಯ, ಮುಂದೆ ಎಲ್ಲೂ ಕೆಲಸ ಸಿಗಲ್ಲ’ ಎಂದು ರಿಕ್ರೂಟರ್ ಹೇಳಿದ್ದಾರಂತೆ. ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.
— ಹೆಸರು ಬೇಡ, ನಾರ್ತ್ ಕ್ಯಾರೊಲೈನಾ

ಉತ್ತರ: ನಿದ್ದೆ ಮಾಡಿ. ಹುಡುಗ ಈಗ ಇರುವುದು ‘ಡಿಲೇಡ್ ಎಂಟ್ರಿ ಪ್ರೋಗ್ರಾಂ’ನಲ್ಲಿ. ಬಾಯಲ್ಲಿ ‘ಡೆಪ್’ ಅನ್ನುತ್ತಾರೆ. ಸಹಿ ಹಾಕಿದ ದಿನಕ್ಕೂ ಹೊರಡುವ ದಿನಕ್ಕೂ ನಡುವೆ 365 ದಿನದವರೆಗೆ ಕಾಯಿಸುವ ವ್ಯವಸ್ಥೆ ಅದು. ತರಬೇತಿಗೆ ಹೊರಡುವ ದಿನ ಎರಡನೇ ಸಲ ಸಹಿ, ಎರಡನೇ ಪ್ರಮಾಣ ಇರುತ್ತದೆ. ಆ ಎರಡನೆಯದು ಆಗುವವರೆಗೆ ಅವನು ಸೇನಾ ಶಿಸ್ತಿನ ಕಾನೂನಿನಡಿ ಬರುವುದಿಲ್ಲ, ಬಿಟ್ಟುಬಂದದ್ದಕ್ಕೆ ಜೈಲಿಲ್ಲ. ಅವನ ಹೆಸರಿನ ಮುಂದೆ ‘ಡಿಸಾನರಬಲ್ ಡಿಸ್ಚಾರ್ಜ್’ (ಅಪಮಾನದ ವಜಾ) ಅಂತಲೂ ಬೀಳುವುದಿಲ್ಲ. ಮುಂದೆಂದಾದರೂ ಮನಸ್ಸು ಬದಲಿಸಿ ಸೇನೆಗೇ ಸೇರುತ್ತೇನೆಂದರೆ ಹಳೆಯ ಕಡತದ ಬಗ್ಗೆ ಕೇಳಬಹುದು, ಅಷ್ಟೆ.

ಇಂಥ ಬೆದರಿಕೆ ಹಳೆಯ ಕಾಯಿಲೆ. ಹ್ಯೂಸ್ಟನ್ನಿನ ರಿಕ್ರೂಟರ್ ಒಬ್ಬ ಒಬ್ಬ ಹುಡುಗನಿಗೆ ‘ಬರದಿದ್ದರೆ ವಾರಂಟ್’ ಎಂದು ಫೋನಿನಲ್ಲಿ ಹೇಳಿಟ್ಟ ಮಾತು ಬಯಲಾದ ಮೇಲೆ, 2005ರ ಮೇ 20ರಂದು ಅಮೆರಿಕದ ಭೂಸೇನೆ ಇಡೀ ದೇಶದಲ್ಲಿ ಭರ್ತಿ ಕೆಲಸ ನಿಲ್ಲಿಸಿ ತನ್ನ ರಿಕ್ರೂಟರುಗಳಿಗೆ ನಿಯಮ ಓದಿಸಿತು. ಅವರ ತಲೆಯ ಮೇಲೆ ತಿಂಗಳ ಗುರಿಯ ಕತ್ತಿ ಇರುತ್ತದೆ. ಡೆಪ್‌ನಿಂದ ಒಬ್ಬ ಬಿಟ್ಟುಹೋದರೆ ಲೆಕ್ಕ ಅವರದೇ ತಪ್ಪುವುದು. ಆ ಒತ್ತಡ ಅರ್ಥವಾಗುವಂಥದ್ದೇ, ಆದರೆ ಅದನ್ನು ನಿಮ್ಮ ಮಗ ಹೊರಬೇಕಾಗಿಲ್ಲ.

ಮಾಡಬೇಕಾದದ್ದು: ಒಂದು ಪುಟದ ಕಾಗದ. ರಿಕ್ರೂಟರಿಗಲ್ಲ, ಅವರ ಮೇಲಿನ ಕಮಾಂಡಿಂಗ್ ಆಫೀಸರಿಗೆ. ಮಗನೇ ಬರೆಯಬೇಕು, ಅವನದೇ ಸಹಿ ಇರಬೇಕು. ಹೆಸರು, ಸಹಿ ಮಾಡಿದ ದಿನ, ಹೊರಡಬೇಕಿದ್ದ ದಿನ, ‘ಡೆಪ್‌ನಿಂದ ಬಿಡುಗಡೆ ಕೋರುತ್ತೇನೆ’ ಎಂಬ ಸ್ಪಷ್ಟ ವಾಕ್ಯ, ಕಾರಣ. ಕಾಲೇಜು ಓದು ಒಪ್ಪುವ ಕಾರಣವೇ, ಪ್ರವೇಶಪತ್ರ ಬಂದಿದ್ದರೆ ಪ್ರತಿ ಲಗತ್ತಿಸಿ. ಮುಂದಿನದೆಲ್ಲ ಬರವಣಿಗೆಯಲ್ಲೇ ನಡೆಯಲಿ ಎಂದೂ ಸೇರಿಸಿ. ರಿಟರ್ನ್ ರಸೀದಿ ಇರುವ ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿ, ಕಾಗದ ತಲುಪಿತೆಂಬ ರಸೀದಿಯ ಹಸಿರು ಕಾರ್ಡು ವಾಪಸು ಬಂದಾಗ ಜೋಪಾನ ಮಾಡಿ. ಹೊರಡುವ ದಿನಕ್ಕೆ ಮುಂಚೆಯೇ, ಆದಷ್ಟು ಬೇಗ ಕಳಿಸುವುದು ಮೇಲು.

ಕೆಡುವುದು ಎಲ್ಲಿ ಅಂದರೆ, ‘ಒಂದು ಪೇಪರಿಗೆ ಸಹಿ ಹಾಕಿ ಹೋಗು, ಕ್ಯಾನ್ಸಲ್ ಮಾಡ್ತೀನಿ’ ಎಂದು ಆಫೀಸಿಗೆ ಕರೆಯುವಾಗ. ಹೋಗಬಾರದು. ಅಲ್ಲಿ ಮೂರು ಜನ ಯೂನಿಫಾರಂನವರು ಎರಡು ಗಂಟೆ ಕೂರಿಸಿ ಮಾತಾಡಿದರೆ ಹದಿನೆಂಟರ ಹುಡುಗ ಇಲ್ಲ ಅನ್ನುವುದು ಕಷ್ಟ. ತಪ್ಪಿಸಿಕೊಳ್ಳಲು ಗಾಂಜಾ ಸೇದುತ್ತೇನೆ, ಕಾಯಿಲೆ ಇದೆ ಎಂದು ಸುಳ್ಳು ಬರೆಯುವುದೂ ಬೇಡ, ಅದು ದಾಖಲೆಯಲ್ಲಿ ಉಳಿಯುತ್ತದೆ. ಹೊರಡುವ ದಿನ ಅವನು ಮನೆಯಲ್ಲೇ ಇರಲಿ. ಗೊಂದಲವಿದ್ದರೆ ಸೈನಿಕರ ಹಕ್ಕುಗಳ ಬಗ್ಗೆ ಸಲಹೆ ಕೊಡುವ ಜಿಐ ರೈಟ್ಸ್ ಹಾಟ್‌ಲೈನ್‌ಗೆ ಫೋನ್ ಮಾಡಿ. ಸಲಹೆ ಉಚಿತ, ವಿಷಯ ಹೊರಗೆ ಹೋಗುವುದಿಲ್ಲ.

ಒಂದು ವೇಳೆ ಮಗ ಮನಸ್ಸು ಬದಲಿಸಿ ಹೋಗಿಯೇ ಹೋಗುತ್ತೇನೆ ಅಂದರೆ, ಆಗಲೂ ಕರಾರನ್ನು ಜೊತೆಗೆ ಕೂತು ಓದಿ. ಡಿಡಿ ಫಾರ್ಮ್ 4 ಎಂಬ ಆ ಕಾಗದದಲ್ಲಿ, ಇದರಲ್ಲಿ ಮತ್ತು ಲಗತ್ತಿನಲ್ಲಿ ಬರೆದದ್ದಷ್ಟೇ ಸರ್ಕಾರದ ಮಾತು, ಬೇರೆ ಯಾರು ಏನು ಭರವಸೆ ಕೊಟ್ಟಿದ್ದರೂ ಅದು ನಡೆಯುವುದಿಲ್ಲ ಎಂಬರ್ಥದ ವಾಕ್ಯವಿದೆ. ಅದರ ಪಕ್ಕದಲ್ಲೇ ಹುಡುಗರ ಕೈಲಿ ಇನಿಷಿಯಲ್ ಹಾಕಿಸಿಕೊಳ್ಳುತ್ತಾರೆ. ಸಂಬಳ, ಸವಲತ್ತಿನ ನಿಯಮಗಳು ಮುನ್ಸೂಚನೆಯಿಲ್ಲದೆ ಬದಲಾಗಬಹುದು ಎಂದೂ ಇದೆ. ‘ನಾಲ್ಕೇ ವರ್ಷ’ ಎನ್ನುವುದು ಪೂರ್ತಿ ನಿಜವಲ್ಲ: ಮೊದಲ ಸಲ ಸೇರುವವರ ಒಟ್ಟು ಹೊಣೆ ಎಂಟು ವರ್ಷ. ನಾಲ್ಕು ಮುಗಿದ ಮೇಲೂ ಉಳಿದ ನಾಲ್ಕು ಮೀಸಲು ಪಟ್ಟಿಯಲ್ಲಿ ಹೆಸರಿರುತ್ತದೆ, ಕರೆದರೆ ಹೋಗಬೇಕು.

ಪ್ರಶ್ನೆ: ನಾವು ಎಚ್-1ಬಿ ಕೆಲಸದ ವೀಸಾ, ಮಗ ಅವಲಂಬಿತರ ಎಚ್-4 ವೀಸಾ. ಅವನನ್ನೂ ಸೇನೆಗೆ ಕರೆಯಬಹುದೇ? 18 ಆದರೆ ಹೆಸರು ನೋಂದಾಯಿಸಬೇಕಂತೆ?
— ಫ್ರೀಮಾಂಟ್

ಉತ್ತರ: ಸೇರಲು ಪೌರತ್ವ ಇಲ್ಲವೇ ಗ್ರೀನ್ ಕಾರ್ಡ್ ಬೇಕು. ರಿಕ್ರೂಟರ್ ಫೋನ್ ಮಾಡಿದರೆ ‘ಎಚ್-4’ ಅನ್ನಲಿ, ಅಲ್ಲಿಗೆ ಮುಗಿಯುತ್ತದೆ. ಕಡ್ಡಾಯ ಭರ್ತಿ 1973ರಲ್ಲೇ ನಿಂತಿದೆ, ಅದು ಮತ್ತೆ ಬಂದರೆ ಬೇಕೆಂದು ಹೆಸರು ಬರೆದಿಡುವ ಸೆಲೆಕ್ಟಿವ್ ಸರ್ವಿಸ್ ಪಟ್ಟಿ ಮಾತ್ರ 1980ರಿಂದ ಮತ್ತೆ ಇದೆ. 18ರಿಂದ 25ರ ಗಂಡುಮಕ್ಕಳೆಲ್ಲ, ಗ್ರೀನ್ ಕಾರ್ಡಿನವರೂ ಸೇರಿ, ಅದರಲ್ಲಿ ಇರಬೇಕು. ಊರ್ಜಿತ ಎಚ್-4 ಅಥವಾ ವಿದ್ಯಾರ್ಥಿ ವೀಸಾ ಎಫ್-1ನಲ್ಲಿ ಇರುವವರೆಗೆ ಬೇಕಿಲ್ಲ. 26 ತುಂಬುವ ಮೊದಲು ಗ್ರೀನ್ ಕಾರ್ಡ್ ಬಂದರೆ ಬೇಕು. ಹೆಸರು ಇಲ್ಲದಿದ್ದರೆ ಮುಂದೆ ಪೌರತ್ವದ ಅರ್ಜಿಗೆ ತೊಡಕು. ಇದನ್ನು ಸೇನೆಗೆ ಸೇರುವುದು ಎಂದು ತಿಳಿದು ಹೆದರಬೇಡಿ.

ಪ್ರಶ್ನೆ: ತಂಗಿಯ ಮಗನಿಗೆ ಹದಿನೇಳೂವರೆ. ಅಗ್ನಿವೀರ್ ಅರ್ಜಿ ಹಾಕುತ್ತಾನೆ. ಇಲ್ಲೂ ಶಾಲೆಯವರೇ ಹೆಸರು ಕೊಡುತ್ತಾರಾ?
— ಹಾಸನ

ಉತ್ತರ: ಇಲ್ಲ, ಇಲ್ಲಿ ಅರ್ಜಿ ಅವನೇ ಹಾಕಬೇಕು. ನೀವು ನೋಡಬೇಕಾದದ್ದು ಲೆಕ್ಕ. 2022ರಲ್ಲಿ ಯೋಜನೆ ಬಂದಾಗಿನ ಪ್ರಕಾರ ಮೊದಲ ವರ್ಷ ತಿಂಗಳಿಗೆ 30,000 ರೂ. ಅದರಲ್ಲಿ 9,000 ಸೇವಾನಿಧಿ ಎಂಬ ಉಳಿತಾಯಕ್ಕೆ ಹೋಗಿ ಕೈಗೆ ಬರುವುದು 21,000. ನಾಲ್ಕನೇ ವರ್ಷಕ್ಕೆ 40,000. ಸರ್ಕಾರವೂ ಅಷ್ಟೇ ಹಾಕಿ ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ. ನಾಲ್ಕು ವರ್ಷ ಮುಗಿದ ಮೇಲೆ ಕಾಯಂ ಆಗುವುದು ಶೇ. 25ರವರೆಗೆ. ಉಳಿದವರಿಗೆ ಪಿಂಚಣಿ, ಗ್ರಾಚ್ಯುಟಿ ಇಲ್ಲ. 30,000 ಬರುತ್ತದೆಂದು ಸಾಲದ ಕಂತು ಕಟ್ಟಿಕೊಂಡರೆ ಮೊದಲ ತಿಂಗಳೇ ಕಷ್ಟ.

ಪ್ರಶ್ನೆ: ನಮ್ಮ ಮಕ್ಕಳ ಶಾಲೆಗೆ ರಿಕ್ರೂಟರುಗಳು ವಾರವಾರ ಬರುತ್ತಾರೆ. ನಾವು ಐದಾರು ಪೋಷಕರು ಸೇರಿ ಇನ್ನೊಂದು ಮಗ್ಗುಲನ್ನೂ ಹೇಳಬೇಕೆಂದಿದ್ದೇವೆ. ಪ್ರಿನ್ಸಿಪಾಲರು ‘ರಾಜಕೀಯ ಬೇಡ’ ಅನ್ನುತ್ತಾರೆ.
— ಸ್ಯಾನ್ ಡಿಯಾಗೊ

ಉತ್ತರ: ನೀವಿರುವ ಊರಿನದೇ ಮೊಕದ್ದಮೆ ನಿಮ್ಮ ಕೈಯಲ್ಲಿದೆ. ಅಲ್ಲಿನ ಗ್ರಾಸ್‌ಮಾಂಟ್ ಶಾಲಾ ಮಂಡಳಿ ವಿದ್ಯಾರ್ಥಿ ಪತ್ರಿಕೆಗಳಲ್ಲಿ ಸೇನೆಯ ಜಾಹೀರಾತು ಹಾಕಿಸಿ, ಶಾಂತಿ ಕಾರ್ಯಕರ್ತರದನ್ನು ತಿರಸ್ಕರಿಸಿತ್ತು. 1986ರಲ್ಲಿ ಒಂಬತ್ತನೇ ಸರ್ಕ್ಯೂಟ್ ಎಂಬ ಕೇಂದ್ರದ ಮೇಲ್ಮನವಿ ನ್ಯಾಯಾಲಯ, ಸೇನೆಗೆ ಸೇರುವುದೇ ಚರ್ಚೆಯ ವಿಷಯ, ಒಂದು ಕಡೆಯವರಿಗೆ ಜಾಗ ಕೊಟ್ಟರೆ ಇನ್ನೊಂದು ಕಡೆಯವರಿಗೂ ಕೊಡಬೇಕು ಎಂದಿತು. ‘ಪ್ರಾಜೆಕ್ಟ್ ಯಾನೊ’ ಎಂಬ ಗುಂಪು 1984ರಿಂದ ನಿಮ್ಮೂರಲ್ಲೇ ಈ ಕೆಲಸ ಮಾಡುತ್ತಿದೆ, ಮೊದಲು ಅವರನ್ನು ಕಾಣಿ.

ಆಮೇಲೆ ರಿಕ್ರೂಟರುಗಳ ಭೇಟಿಯ ದಾಖಲೆಯನ್ನು ಸಾರ್ವಜನಿಕ ದಾಖಲೆ ಕಾಯ್ದೆಯಡಿ ಕೇಳಿ ತೆಗೆಸಿ: ಯಾವ ದಿನ, ಎಲ್ಲಿ, ಎಷ್ಟು ಹೊತ್ತು. ಅದನ್ನು ಮುಂದಿಟ್ಟು ‘ಅಷ್ಟೇ ದಿನ, ಅಂಥದೇ ಜಾಗ’ ಎಂದು ಬರೆದು ಕೇಳಿ. ‘ಸೇನೆಯನ್ನು ಹೊರಗಿಡಿ’ ಎಂದು ಶುರು ಮಾಡಿದರೆ ಬಾಗಿಲು ಅಲ್ಲೇ ಮುಚ್ಚುತ್ತದೆ, ಅವರ ಪ್ರವೇಶಕ್ಕೂ 8528ರ ಬಲವಿದೆ. ಟೇಬಲ್ಲಿಗೆ ಇಬ್ಬರು ಸಾಕು, ಒಬ್ಬರು ಮಾಜಿ ಸೈನಿಕರಾದರೆ ಉತ್ತಮ. ಹುಡುಗರು ಪೋಷಕರ ಮಾತಿಗಿಂತ ಅವರ ಮಾತು ಕೇಳುತ್ತಾರೆ, ‘ವೆಟರನ್ಸ್ ಫಾರ್ ಪೀಸ್’ನವರು ಬರುತ್ತಾರೆ. ರಕ್ತದ ಫೋಟೋ, ಅಧ್ಯಕ್ಷರ ವ್ಯಂಗ್ಯಚಿತ್ರ ಇಟ್ಟರೆ ಪ್ರಿನ್ಸಿಪಾಲರ ಮಾತನ್ನು ನೀವೇ ನಿಜ ಮಾಡಿದಂತೆ. ಪಕ್ಕದ ರಿಕ್ರೂಟರ್ ಜೊತೆ ವಾದಕ್ಕೂ ಇಳಿಯಬೇಡಿ.

ಟೇಬಲ್ ಮೇಲೆ ಡಿಡಿ ಫಾರ್ಮ್ 4ರ ಖಾಲಿ ಪ್ರತಿ ಇಟ್ಟು, ಮೇಲೆ ಹೇಳಿದ ಎರಡು ವಾಕ್ಯಗಳಿಗೆ ಹಳದಿ ಬಳಿಯಿರಿ. ಜೊತೆಗೆ ಕಾಲೇಜು ಓದಿಗೆ ಸರ್ಕಾರದ ಹಣಸಹಾಯ ಕೇಳುವ ಫಾಫ್ಸಾ ಅರ್ಜಿಯ ಕೊನೆ ದಿನ, ಸಮುದಾಯ ಕಾಲೇಜಿನ ಫೀಸು, ಎಲೆಕ್ಟ್ರಿಷಿಯನ್ ಮತ್ತು ಪ್ಲಂಬರ್ ಅಪ್ರೆಂಟಿಸ್ ಕೆಲಸಗಳ ವಿಳಾಸ. ಬಹಳ ಹುಡುಗರು ಅತ್ತ ಹೋಗುವುದು ಯುದ್ಧದ ಆಸೆಯಿಂದಲ್ಲ, ಕಾಲೇಜಿನ ದುಡ್ಡಿಗೆ. ಫೀಸಿನ ಹಾಳೆಗಳು ಬೇಗ ಖಾಲಿಯಾಗುತ್ತವೆ, ಹೆಚ್ಚೇ ಅಚ್ಚು ಹಾಕಿಸಿ.