ಎದುರಾಳಿ ಕಂಪನಿಗೆ ನಮ್ಮ ಎಡವಟ್ಟು ಯಾಕೆ ಹೇಳಬೇಕು?

ಬೆಳಗಾವಿಯಿಂದ ಹಾರುವ ವಿಮಾನ ಕಂಪನಿಗಳು ಟಿಕೆಟ್ ದರಕ್ಕೆ ಕಚ್ಚಾಡುತ್ತವೆ, ತಮ್ಮ ಎಡವಟ್ಟುಗಳಿಂದ ಕಲಿತ ಸುರಕ್ಷತೆಯ ಗುಟ್ಟು ಮಾತ್ರ ಒಬ್ಬರಿಗೊಬ್ಬರು ಯಾಕೆ ಬಿಟ್ಟುಕೊಡಬೇಕು ಅಂತ ಕೇಳಿದ್ದೀರಿ. ಇಲ್ಲಿನ ಸಾಂಬ್ರಾ ವಿಮಾನ ನಿಲ್ದಾಣದ ರನ್‌ವೇ ಹತ್ತಿರ ಹಕ್ಕಿ ಹಿಂಡು ಕಂಡ ಪೈಲಟ್, ವಿಮಾನಗಳಿಗೆ ಸೂಚನೆ ಕೊಡುವ ಟವರ್‌ಗೆ ಹೇಳುತ್ತಾರೆ. ಹಿಂದೆ ಬರುವ ವಿಮಾನ ಯಾರದಾದರೂ ಟವರ್ ಎಚ್ಚರಿಸುತ್ತದೆ. ಕಂಪನಿಗಳು ಎಡವಟ್ಟು ಹಂಚಿಕೊಳ್ಳೋದು ಅದರದೇ ದೊಡ್ಡ ರೂಪ.

ಹೇಳದಿದ್ದರೆ ಏನಾಗುತ್ತದೆ ನೋಡಿ. 1974ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ಹತ್ತಿರದ ಡಲ್ಲೆಸ್ ವಿಮಾನ ನಿಲ್ದಾಣಕ್ಕೆ ಇಳಿಯುತ್ತಿದ್ದ, ಅಮೆರಿಕದ ಟಿಡಬ್ಲ್ಯುಎ ಕಂಪನಿಯ 514 ನಂಬರಿನ ವಿಮಾನ, ನೆಲದಿಂದ ಸೂಚನೆ ಕೊಡುವ ಕಂಟ್ರೋಲರ್ ಮಾತನ್ನು ತಪ್ಪಾಗಿ ತಿಳಿದು ಬೇಗ ಕೆಳಗಿಳಿದು ಗುಡ್ಡಕ್ಕೆ ಬಡಿಯಿತು. 92 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಹೊಟ್ಟೆ ಉರಿಯೋದು ಏನಂದ್ರೆ, ಆರು ವಾರ ಮುಂಚೆ ಯುನೈಟೆಡ್ ಅನ್ನೋ ಇನ್ನೊಂದು ಕಂಪನಿಯ ವಿಮಾನವೊಂದು ಅದೇ ಜಾಗದಲ್ಲಿ ಅದೇ ತಪ್ಪು ಮಾಡಿ ಸ್ವಲ್ಪದರಲ್ಲಿ ಪಾರಾಗಿತ್ತು. ಯುನೈಟೆಡ್ ತನ್ನ ಪೈಲಟ್‌ಗಳಿಗೆ ತಿಳಿಸಿತು. ಟಿಡಬ್ಲ್ಯುಎಗೆ ಸುದ್ದಿಯೇ ಮುಟ್ಟಲಿಲ್ಲ.

ತಪ್ಪು ಒಪ್ಪಿಕೊಂಡರೆ ಪೈಲಟ್ ಕೆಲಸ ಹೋಗಲ್ವಾ ಅನ್ನೋದು ನಿಮ್ಮ ಎರಡನೇ ಪ್ರಶ್ನೆ. ಅಸಲಿ ತೊಡಕು ಅದೇ. ಅದಕ್ಕೇ ಅಮೆರಿಕದಲ್ಲಿ 1976ರಿಂದ ಪೈಲಟ್‌ಗಳು ತಮ್ಮ ಎಡವಟ್ಟು ಬರೆದುಕೊಡುವ ವರದಿಗಳನ್ನು ಬಾಹ್ಯಾಕಾಶ ಸಂಸ್ಥೆ ನಾಸಾ ತೆಗೆದುಕೊಳ್ಳುತ್ತದೆ, ದಂಡ ಹಾಕುವ ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಅಲ್ಲ. ಹೆಸರು ಅಳಿಸಿದ ಮೇಲೆಯೇ ವರದಿ ಎಲ್ಲರಿಗೂ ಸಿಗುತ್ತದೆ. ಬೇಕಂತ ಮಾಡಿದ್ದಲ್ಲ ಅಂದರೆ, 10 ದಿನದೊಳಗೆ ಬರೆದುಕೊಟ್ಟವರಿಗೆ ಸಾಮಾನ್ಯವಾಗಿ ದಂಡ ಇಲ್ಲ. ಅಪಘಾತ, ಅಪರಾಧಗಳಿಗೆ ಮಾತ್ರ ಈ ರಿಯಾಯಿತಿ ಸಿಗಲ್ಲ.