ಕಿವಿ ಗುಗ್ಗೆ ತೆಗೆಸಲು ನರ್ಸ್ ನಡೆಸುವ ಕ್ಲಿನಿಕ್ಕಿಗೆ ಹೋಗಬಹುದಾ? ನೀರು ಹೊಡೆಸುವುದೋ, ಸಕ್ಷನ್ನೋ?

ನೀವು ಬರೆದಿರುವುದು ಇಷ್ಟು: ಎರಡು ವಾರದಿಂದ ಬಲಗಿವಿ ಕಟ್ಟಿಕೊಂಡಿದೆ, ಡಾಕ್ಟರು ನೋಡಿ ಗುಗ್ಗೆ ಎಂದಿದ್ದಾರೆ, ನರ್ಸ್‌ಗಳು ನಡೆಸುವ ಕ್ಲಿನಿಕ್ಕಿಗೆ ಕಳಿಸಿದ್ದಾರೆ. ಅಲ್ಲಿ ನೀರು ಹೊಡೆಸಬೇಕೋ ಸಕ್ಷನ್ (ನಳಿಕೆಯಿಂದ ಹೀರಿ ತೆಗೆಯುವುದು) ಮಾಡಿಸಬೇಕೋ, ನೋವಾಗುತ್ತದೋ, ಇಯರ್ ಕ್ಯಾಂಡಲ್ ಕೆಲಸ ಮಾಡುತ್ತದೋ ಎಂಬುದು ನಿಮ್ಮ ಪ್ರಶ್ನೆ.

ಧಾರಾಳವಾಗಿ ಹೋಗಿ. ಇದು ಡಿಗ್ರಿಗಿಂತ ಹೆಚ್ಚಾಗಿ ತರಬೇತಿ ಮತ್ತು ಕೈ ಅಭ್ಯಾಸದ ಕೆಲಸ. ದಿನವೂ ಇದನ್ನೇ ಮಾಡುವ ನರ್ಸ್ ಕೈ, ಯಾವಾಗಲೋ ಒಮ್ಮೆ ಮಾಡುವ ಡಾಕ್ಟರ ಕೈಗಿಂತ ಹಗುರ. ಯಂತ್ರ ಯಾವುದು ಎಂದು ತಲೆಕೆಡಿಸಿಕೊಳ್ಳುವುದಕ್ಕಿಂತ ಒಂದು ವಿಷಯ ಗಮನಿಸಿ. ಕಿವಿಯೊಳಗೆ ಏನನ್ನಾದರೂ ಹಾಕುವ ಮೊದಲು ಆಟೋಸ್ಕೋಪ್ (ಕಿವಿಯೊಳಗೆ ನೋಡುವ ದೀಪದ ಸಾಧನ) ಹಿಡಿದು ಎರಡೂ ಕಿವಿ ನೋಡುತ್ತಾರಾ? ಮುಗಿದ ಮೇಲೆ ಮತ್ತೆ ನೋಡುತ್ತಾರಾ? ನೋಡದೆ ಶುರು ಮಾಡುವವರಾದರೆ ಎದ್ದು ಬನ್ನಿ.

ಇದರಲ್ಲಿ ಒಂದು ತೊಡಕಿದೆ. ಗುಗ್ಗೆ ದಾರಿ ಮುಚ್ಚಿರುವಾಗ ಅದರ ಹಿಂದಿನ ತಮಟೆ, ಅಂದರೆ ಕಿವಿಯ ಪರದೆ, ಕಾಣುವುದೇ ಇಲ್ಲ. ತಮಟೆಯಲ್ಲಿ ತೂತಿದೆಯೋ ಇಲ್ಲವೋ ಎಂದು ಕಣ್ಣು ಹೇಳಲಾರದ್ದನ್ನು ನಿಮ್ಮ ಬಾಯಿಂದ ಕೇಳಿ ತಿಳಿಯಬೇಕು. ಅದಕ್ಕೇ ನರ್ಸ್ ಉದ್ದಕ್ಕೆ ಪ್ರಶ್ನೆ ಕೇಳುತ್ತಾರೆ. ಬೇಸರ ಮಾಡಿಕೊಳ್ಳದೆ ಉತ್ತರಿಸಿ. ಎಂದಾದರೂ ತಮಟೆ ಹರಿದಿತ್ತೇ, ಕಿವಿ ಆಪರೇಷನ್ ಆಗಿದೆಯೇ, ಗ್ರೊಮೆಟ್ (ತಮಟೆಯಲ್ಲಿ ಕೂರಿಸುವ ಪುಟ್ಟ ಕೊಳವೆ) ಹಾಕಿಸಿದ್ದಿರಾ, ಕಳೆದ ಒಂದು ವರ್ಷದಲ್ಲಿ ಕಿವಿ ಸೋರಿತ್ತೇ, ಕಳೆದ ಆರು ವಾರದಲ್ಲಿ ನಡುಗಿವಿಯ ಸೋಂಕು ಆಗಿತ್ತೇ, ಈಗ ನೋವಿದೆಯೇ, ಹುಟ್ಟಿನಿಂದ ಸೀಳಂಗಳ ಇತ್ತೇ, ಹಿಂದೆ ನೀರು ಹೊಡೆಸಿದಾಗ ತೊಂದರೆ ಆಗಿತ್ತೇ, ಇನ್ನೊಂದು ಕಿವಿ ಚೆನ್ನಾಗಿ ಕೇಳುತ್ತದೆಯೇ. ಇವುಗಳಲ್ಲಿ ಒಂದಕ್ಕೆ ಉತ್ತರ ಎಡವಟ್ಟಾಗಿದ್ದರೂ ನೀರಿನ ವಿಧಾನ ಬೇಡ. ಸಕ್ಕರೆ ಕಾಯಿಲೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ. ಮೊದಲೆರಡರಲ್ಲಿ ಸಣ್ಣ ಗೀರು ಕೂಡ ದೊಡ್ಡ ಸೋಂಕಾಗಬಹುದು, ಮೂರನೆಯದರಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ.

ಕಿವಿನಾಳ ದೊಡ್ಡವರಲ್ಲಿ ಸುಮಾರು 2.5 ಸೆಂಟಿಮೀಟರ್ ಉದ್ದ. ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿ, ಉಳಿದದ್ದು ಮೂಳೆ. ಗುಗ್ಗೆ ಹುಟ್ಟುವುದು ಹೊರಭಾಗದಲ್ಲಿ ಮಾತ್ರ. ಅಲ್ಲಿನ ಚರ್ಮ ಒಳಗಿಂದ ಹೊರಕ್ಕೆ ನಿಧಾನವಾಗಿ ಸರಿಯುತ್ತಾ ಗುಗ್ಗೆಯನ್ನೂ ಜೊತೆಗೆ ಸಾಗಿಸುತ್ತದೆ, ಅಗಿಯುವಾಗ ದವಡೆ ಆಡುವುದೂ ನೆರವಾಗುತ್ತದೆ. ಹಾಗಾಗಿ ತಮಟೆಗೆ ಅಂಟಿಕೊಂಡ ಗಟ್ಟಿ ಮುದ್ದೆ ಕಂಡರೆ ಅದನ್ನು ಬಹುಮಟ್ಟಿಗೆ ಬಡ್ಸೋ, ಇಯರ್‌ಫೋನೋ, ಕಿವಿಯ ಮೆಷಿನ್ನೋ ಒಳಗೆ ತಳ್ಳಿರುತ್ತದೆ. ಮೂಳೆಯ ಭಾಗದಲ್ಲಿ ಚರ್ಮ ತೀರಾ ತೆಳು, ಅಡಿಯಲ್ಲಿ ಮೆತ್ತೆಯಂಥದ್ದೇನೂ ಇಲ್ಲ; ಮುಟ್ಟಿದರೆ ಚುರುಕ್ಕೆನ್ನುತ್ತದೆ. ಕೆಲವರಿಗೆ ನಾಳ ಮುಟ್ಟಿದ ಕೂಡಲೇ ಕೆಮ್ಮು ಬರುತ್ತದೆ, ಗಂಟಲಿಗೆ ಹೋಗುವ ವೇಗಸ್ ನರದ ಒಂದು ಕವಲು ಅಲ್ಲಿರುವುದರಿಂದ. ನಿಮಗೆ ಹಾಗಾಗುವುದಿದ್ದರೆ ಮುಂಚೆಯೇ ತಿಳಿಸಿ. ಒಳಗೆ ಕಡ್ಡಿ ಇರುವಾಗ ತಲೆ ಅಲುಗಿಸುವುದಕ್ಕಿಂತ ಅಪಾಯದ್ದು ಬೇರೊಂದಿಲ್ಲ.

ಹೋಗುವ ಮೊದಲು ಮನೆಯಲ್ಲಿ ಮಾಡಬೇಕಾದ ಕೆಲಸ ಅರ್ಧ ಶ್ರಮ ಉಳಿಸುತ್ತದೆ. ತಮಟೆಯಲ್ಲಿ ತೂತಿಲ್ಲ, ನೋವು, ಸೋರುವಿಕೆ ಇಲ್ಲ ಎಂದಾದರೆ 3ರಿಂದ 5 ದಿನ ಆಲಿವ್ ಎಣ್ಣೆ ಅಥವಾ ಸೋಡಿಯಂ ಬೈಕಾರ್ಬನೇಟ್ ಹನಿ ಹಾಕಿ. ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಮೈಯ ಬಿಸಿಗೆ ತನ್ನಿ, ಒಲೆಯ ಮೇಲೆ ಕಾಯಿಸಬೇಡಿ. ಕಟ್ಟಿದ ಕಿವಿ ಮೇಲಕ್ಕೆ ಬರುವಂತೆ ಮಗ್ಗುಲಾಗಿ, ಹೊರಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು 2–3 ಹನಿ ಬಿಡಿ. ರಂಧ್ರದ ಮುಂದಿರುವ ಪುಟ್ಟ ಉಬ್ಬನ್ನು ನಾಲ್ಕೈದು ಸಲ ಒತ್ತಿ ಬಿಡಿ, ಸಿಕ್ಕಿಕೊಂಡ ಗಾಳಿ ಹೊರಟು ಎಣ್ಣೆ ಇಳಿಯುತ್ತದೆ. ಐದರಿಂದ ಹತ್ತು ನಿಮಿಷ ಹಾಗೇ ಮಲಗಿ. ದಿನಕ್ಕೆ ಎರಡು ಸಲ ಸಾಕು. ಹತ್ತಿ ತುರುಕಬೇಡಿ; ಗುಗ್ಗೆಗೆ ಸೇರಬೇಕಾದ ಎಣ್ಣೆಯನ್ನೆಲ್ಲ ಅದೇ ಕುಡಿಯುತ್ತದೆ. ಕಡಲೆಕಾಯಿ, ಬಾದಾಮಿ ಅಲರ್ಜಿ ಇರುವವರು ಆ ಎಣ್ಣೆಗಳಿರುವ ಹನಿಗಳನ್ನು ಮುಟ್ಟಬಾರದು. ಅಂಗಡಿಯಲ್ಲಿ ಹತ್ತು ಬಗೆಯ ಹನಿ ಸಿಗುತ್ತವೆ, ಆದರೆ ಒಂದಕ್ಕಿಂತ ಒಂದು ಮೇಲು ಎಂದು ಪರೀಕ್ಷೆಗಳಲ್ಲಿ ಸಾಬೀತಾಗಿಲ್ಲ. ದುಬಾರಿಯದು ಕೊಳ್ಳಲು ಕಾರಣವಿಲ್ಲ. ಒಂದು ಮುನ್ನೆಚ್ಚರಿಕೆ: ಎರಡನೇ ದಿನದ ಹೊತ್ತಿಗೆ ಗುಗ್ಗೆ ಉಬ್ಬಿ ಕಿವಿ ಇನ್ನಷ್ಟು ಮಂದವಾಗಬಹುದು. ಗಾಬರಿಯಾಗಬೇಡಿ, ಮೆತ್ತಗಾಗುತ್ತಿದೆ ಎಂದೇ ಅರ್ಥ. ನೋವು ಶುರುವಾದರೆ ಮಾತ್ರ ನಿಲ್ಲಿಸಿ.

ಈಗ ನೀರಿನ ವಿಧಾನ. ಹಳೆಯ ಕಾಲದ ದೊಡ್ಡ ಲೋಹದ ಸಿರಿಂಜ್ ಕಂಡರೆ ಬೇಡವೆನ್ನಿ. ಹೆಬ್ಬೆರಳ ಒತ್ತಡ ಎಷ್ಟೆಂದು ಯಾರಿಗೂ ಗೊತ್ತಾಗುವುದಿಲ್ಲ. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2018ರ ಮಾರ್ಗಸೂಚಿಯಲ್ಲೇ ಅದನ್ನು ಬಳಸಬೇಡಿ ಎಂದಿದೆ. ಬಳಸಬೇಕಾದ್ದು ಒತ್ತಡ ಹದ್ದುಬಸ್ತಿನಲ್ಲಿರುವ ಎಲೆಕ್ಟ್ರಾನಿಕ್ ಯಂತ್ರ. ನೀರು ಮೈಯ ಬಿಸಿಗೆ, ಅಂದರೆ 37 ಡಿಗ್ರಿ ಸೆಲ್ಸಿಯಸ್‌ಗೆ ಹತ್ತಿರ ಇರಬೇಕು. ತಣ್ಣಗಿದ್ದರೂ ಬಿಸಿಯಿದ್ದರೂ ಮೈಯ ಸಮತೋಲನ ಕಾಯುವ ಒಳಕಿವಿಯ ಅರ್ಧವರ್ತುಲ ನಾಳದಲ್ಲಿನ ದ್ರವ ಅಲುಗಿ ಕೋಣೆಯೇ ಗಿರ್ರೆಂದು ತಿರುಗುತ್ತದೆ. ನಳಿಕೆಯಲ್ಲಿ ನಿಂತ ನೀರು ಆರಿರುತ್ತದೆ, ಆದ್ದರಿಂದ ಕಿವಿಗೆ ಹಿಡಿಯುವ ಮೊದಲು ಸ್ವಲ್ಪ ನೀರನ್ನು ಬಟ್ಟಲಿಗೆ ಬಿಡುತ್ತಾರೆ. ಧಾರೆಯನ್ನು ನೇರ ಮುದ್ದೆಗೆ ಗುರಿಯಿಡುವುದಿಲ್ಲ. ಹಾಗೆ ಮಾಡಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ. ನಾಳದ ಮೇಲಿನ, ಹಿಂಬದಿಯ ಗೋಡೆಗೆ ಹಾಯಿಸಿದರೆ ನೀರು ಸಂದಿನಿಂದ ನುಸುಳಿ ಗುಗ್ಗೆಯ ಹಿಂದೆ ಸೇರಿ, ಹೊರಬರುವಾಗ ಅದನ್ನು ತಳ್ಳಿಕೊಂಡು ಬರುತ್ತದೆ. ಕಿವಿಯ ಕೆಳಗೆ ಬಟ್ಟಲನ್ನು ನೀವೇ ಹಿಡಿದುಕೊಳ್ಳಬೇಕಾಗಬಹುದು. ಶಬ್ದ ಇರುತ್ತದೆ, ವಿಚಿತ್ರ ಕಚಗುಳಿ ಇರುತ್ತದೆ, ನೋವು ಇರಬಾರದು. ನೋವಾದರೆ ಕೈ ಎತ್ತಿ, ಅವರು ನಿಲ್ಲಿಸಬೇಕು. ಬರದಿದ್ದರೆ ಕಿವಿಗೆ ನೀರು ತುಂಬಿ 15 ನಿಮಿಷ ನೆನೆಯಬಿಟ್ಟು ಇನ್ನೊಮ್ಮೆ ಪ್ರಯತ್ನಿಸುವುದುಂಟು. ಆಗಲೂ ಬರದಿದ್ದರೆ ಹಟ ಮಾಡದೆ ಇನ್ನಷ್ಟು ದಿನ ಹನಿ ಹಾಕಿಕೊಂಡು ಬನ್ನಿ ಎನ್ನುವವರೇ ಒಳ್ಳೆಯ ಕೆಲಸಗಾರರು.

ನೀರು ಹೊಡೆಯುವಾಗ ತಟ್ಟನೆ ನೋವಾಗಿ ಬಾಯಿಗೋ ಗಂಟಲಿಗೋ ನೀರಿನ ರುಚಿ ಬಂದರೆ ತಮಟೆಯಲ್ಲಿ ತೂತಿದೆ ಎಂದು ತಿಳಿಯಿರಿ. ನೀರು ನಡುಗಿವಿಗೆ ಹೋಗಿ ಅಲ್ಲಿಂದ ಗಂಟಲಿಗೆ ಇಳಿದಿರುತ್ತದೆ. ಅಲ್ಲಿಗೇ ನಿಲ್ಲಿಸಿ ಇ.ಎನ್.ಟಿ. ಡಾಕ್ಟರ ಬಳಿ ಹೋಗಬೇಕು.

ಸಕ್ಷನ್‌ನಲ್ಲಿ ಲಾಭ ಒಂದೇ, ಆದರೆ ದೊಡ್ಡದು: ಮಾಡುವವರ ಕಣ್ಣು ಉದ್ದಕ್ಕೂ ಕೆಲಸದ ಮೇಲೇ ಇರುತ್ತದೆ. ಮೈಕ್ರೋಸ್ಕೋಪ್ ಅಥವಾ ತಲೆಗೆ ಕಟ್ಟಿದ ಲೂಪ್ (ದೊಡ್ಡದಾಗಿ ತೋರಿಸುವ ಮಸೂರ) ಮತ್ತು ದೀಪದಲ್ಲಿ ನೋಡುತ್ತಾ, ಒಂದೆರಡು ಮಿಲಿಮೀಟರ್ ದಪ್ಪದ ನಳಿಕೆಯಿಂದ ಗುಗ್ಗೆಯ ಅಂಚನ್ನು ಕಚ್ಚಿಸಿ ಹೊರಗೆಳೆಯುತ್ತಾರೆ. ನೀರಿಲ್ಲವಾದ್ದರಿಂದ ತೂತಿರುವ ಕಿವಿಗೂ ಆಪರೇಷನ್ ಆದ ಕಿವಿಗೂ ಇದೇ ಸರಿ. ತೊಂದರೆ ಎಂದರೆ ಸದ್ದು. ತಮಟೆಯ ಪಕ್ಕದಲ್ಲೇ ಗಾಳಿ ಸೀಟಿ ಹಾಕಿದಂತಿರುತ್ತದೆ. ಕಿವಿಯಲ್ಲಿ ಮೊದಲೇ ಗುಂಯ್ ಎನ್ನುವ ಶಬ್ದ ಇರುವವರು ಹೇಳಿಬಿಟ್ಟರೆ ಸಣ್ಣ ಸಣ್ಣ ಬಿಡುವು ಕೊಟ್ಟು ಮಾಡುತ್ತಾರೆ. ಹರಿಯುವ ಗಾಳಿ ತಂಪಾದ್ದರಿಂದ ಇಲ್ಲೂ ಕೆಲವು ಕ್ಷಣ ತಲೆಸುತ್ತು ಬರಬಹುದು. ಕಣ್ಣು ತೆರೆದು ಒಂದೇ ಕಡೆ ದಿಟ್ಟಿಸಿ, ಇಳಿಯುತ್ತದೆ. ಒಣಗಿದ ಚಕ್ಕೆಗೆ ಮತ್ತು ಬಡ್ಸಿನಿಂದ ಕಳಚಿ ಉಳಿದ ಹತ್ತಿಗೆ ಸಕ್ಷನ್ನಿಗಿಂತ ಪುಟ್ಟ ಇಕ್ಕಳವೋ ಉಂಗುರ ತುದಿಯ ಕಡ್ಡಿಯೋ ಸುಲಭ.

ಯಾವುದು ಆರಿಸಲಿ ಎಂದರೆ: ತಮಟೆ ಗಟ್ಟಿಯಿದೆ ಎಂದು ಹಿಂದೆ ಯಾರಾದರೂ ನೋಡಿ ಹೇಳಿದ್ದು, ಗುಗ್ಗೆ ಮೆತ್ತಗಾಗಿದ್ದರೆ ನೀರು ಸಾಕು. ಎಳ್ಳಷ್ಟು ಅನುಮಾನ ಇದ್ದರೂ ನಾನು ಸಕ್ಷನ್ ಅನ್ನುತ್ತೇನೆ.

ಹೊರಡುವ ಮೊದಲು ಇನ್ನೊಂದು ಕೆಲಸ. ಬಾಯಿ ಮುಚ್ಚಿ ‘ಮ್‌ಮ್‌ಮ್’ ಎಂದು ಗುನುಗಿ. ಸದ್ದು ಕಟ್ಟಿದ ಕಿವಿಯ ಕಡೆಗೇ ಜೋರಾಗಿ ಕೇಳಿದರೆ ದಾರಿಯಲ್ಲಿ ಅಡ್ಡಿಯಿದೆ ಎನ್ನುವುದಕ್ಕೆ ಹೊಂದುತ್ತದೆ. ಚೆನ್ನಾಗಿರುವ ಕಿವಿಯ ಕಡೆಗೆ ಹೋದರೆ ತೊಂದರೆ ನರದಲ್ಲಿರುವ ಸಾಧ್ಯತೆ ಇದೆ, ಗುಗ್ಗೆ ಕಂಡಿತೆಂದು ಅದರ ಮೇಲೇ ಹೊರೆ ಹಾಕಬಾರದು. ಒಂದೇ ದಿನದಲ್ಲಿ, ಏನೂ ಕಾರಣವಿಲ್ಲದೆ ಕಿವಿ ಹೋಯಿತು ಎಂದಿದ್ದರೆ, ಅಥವಾ ಗುಗ್ಗೆ ಪೂರ್ತಿ ತೆಗೆದ ಮೇಲೂ ಕೇಳಿಸದಿದ್ದರೆ, ಅಪಾಯಿಂಟ್‌ಮೆಂಟಿಗೆ ವಾರಗಟ್ಟಲೆ ಕಾಯದೆ ಅಂದೇ ಇ.ಎನ್.ಟಿ.ಗೆ ತೋರಿಸಿ. ನರದ ಆ ತೊಂದರೆಗೆ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು.

ತೆಗೆಸಿದ ದಿನ ತಟ್ಟೆ ಲೋಟದ ಸದ್ದೂ ಕರ್ಕಶ ಅನ್ನಿಸುತ್ತದೆ, ಒಂದೆರಡು ದಿನಕ್ಕೆ ಒಗ್ಗುತ್ತದೆ. ಗುಗ್ಗೆಯ ಆಮ್ಲೀಯ ಪದರವೇ ಕಿವಿಗೆ ಕಾವಲು. ಅದು ಹೋದ ಮೇಲೆ ಎರಡು ಮೂರು ದಿನ ನೀರು ತಾಗಿಸಬೇಡಿ. ಸ್ನಾನಕ್ಕೆ ವ್ಯಾಸಲಿನ್ ಸವರಿದ ಹತ್ತಿಯನ್ನು ಬಾಗಿಲಲ್ಲಿ ಇಟ್ಟುಕೊಂಡು ಆಮೇಲೆ ತೆಗೆದುಬಿಡಿ. ತುರಿಕೆ ಬಂದರೂ ಬಡ್ಸ್ ಬೇಡ. ನೋವು ಹೆಚ್ಚುತ್ತಾ ಹೋಗುವುದು, ದುರ್ವಾಸನೆಯ ಸೋರುವಿಕೆ, ಜ್ವರ ಇದ್ದರೆ ಸೋಂಕು ಎಂದು ತಿಳಿದು ವಾಪಸ್ ತೋರಿಸಿ.

ಇಯರ್ ಕ್ಯಾಂಡಲ್ ಎಂಬ, ಕಿವಿಗೆ ಇಟ್ಟು ಉರಿಸುವ ಬತ್ತಿಯ ಬಗ್ಗೆಯೂ ಕೇಳಿದ್ದೀರಿ. ಅದು ಏನನ್ನೂ ಹೀರುವುದಿಲ್ಲ. ಉರಿದ ಮೇಲೆ ಒಳಗೆ ಕಾಣುವ ಕಂದು ಪುಡಿ ಆ ಬತ್ತಿಯದೇ ಮೇಣ, ಕಿವಿಯದಲ್ಲ. ಸುಟ್ಟ ಗಾಯ, ಕಿವಿಯೊಳಗೆ ಬಿದ್ದ ಮೇಣ ಎರಡೂ ಅದರ ಕೊಡುಗೆ. ಮತ್ತೆ ಮತ್ತೆ ಕಟ್ಟಿಕೊಳ್ಳುವ ಕಿವಿಯಾದರೆ ವಾರಕ್ಕೊಮ್ಮೆ ಒಂದೆರಡು ಹನಿ ಆಲಿವ್ ಎಣ್ಣೆ ಹಾಕಿಕೊಳ್ಳಬಹುದು. ಕಿವಿಯ ಮೆಷಿನ್ ಹಾಕುವವರು ರಾತ್ರಿ ಅದನ್ನು ತೆಗೆದ ಮೇಲೆ ಹನಿ ಹಾಕಿ, ಬೆಳಿಗ್ಗೆ ಹೊರಗಿನ ಜಿಡ್ಡು ಒರೆಸಿಯೇ ಮೆಷಿನ್ ಇಡಬೇಕು. ಆ ಮೆಷಿನ್ ಕುಂಯ್ ಕುಂಯ್ ಅನ್ನತೊಡಗಿದರೆ ರಿಪೇರಿಗೆ ಕೊಡುವ ಮುಂಚೆ ಕಿವಿಯಲ್ಲಿ ಗುಗ್ಗೆ ತುಂಬಿದೆಯೇ ಎಂದು ನೋಡಿಸಿ.